ಹಿಂಬಾಗಿಲಿನ ಪಾಠ

“ಈ ಊರಲ್ಲಿ ನನ್ನೆದುರು ತೆರೆಯದೆ ಉಳಿಯೋ ಬಾಗಿಲು ಇನ್ನೂ ಹುಟ್ಟಿಲ್ಲ!”

ಬೀಗದಪ್ಪ ಹೀಗೆ ಹೇಳುತ್ತಿದ್ದದ್ದು ಒಂದೆರಡು ಸಲವಲ್ಲ. ಬೆಳಗಿನ ಕಾಫಿಯ ಜೊತೆಗೆ ಹೇಳುತ್ತಿದ್ದ, ಗಿರಾಕಿ ಬಂದಾಗ ಹೇಳುತ್ತಿದ್ದ, ಗಿರಾಕಿ ಇಲ್ಲದಿದ್ದರೆ ಕೀ ಕೊರೆಯುವ ಮಷೀನಿಗೆ ಹೇಳುತ್ತಿದ್ದ. ಅವನ ಮಾತು ನಂಬುವುದಾದರೆ, ಅವನು ಬೀದಿಯ ತಿರುವಿನಲ್ಲಿ ನಿಂತು ಕೆಮ್ಮಿದರೆ ಸಾಕು, ಆ ಸಾಲಿನ ಬೀಗಗಳೆಲ್ಲ ನಾಚಿಕೊಂಡು ತಾವಾಗಿಯೇ ಸಡಿಲವಾಗುತ್ತಿದ್ದವು. ಒಮ್ಮೆ ಬ್ಯಾಂಕಿನ ತಿಜೋರಿಯೊಂದು ಇವನ ನೆರಳು ಬಿದ್ದ ಮಾತ್ರಕ್ಕೆ ಬಾಯಿ ಬಿಟ್ಟು, ಮ್ಯಾನೇಜರು ಓಡಿಬಂದು, “ಸ್ವಾಮಿ, ದಯವಿಟ್ಟು ಆಚೆ ಫುಟ್‌ಪಾತಿನಲ್ಲಿ ನಡೀರಿ” ಎಂದು ಕೈಮುಗಿದನಂತೆ.

ಉತ್ಪ್ರೇಕ್ಷೆಯನ್ನು ಅರದಲ್ಲಿ ತಿಕ್ಕಿ ತೆಗೆದರೂ ಒಂದಿಷ್ಟು ನಿಜ ಉಳಿಯುತ್ತಿತ್ತು. ವಯಸ್ಸಿಗೆ ಬಂದಾಗಿನಿಂದ ಅವನು ಹಾಡುಹಗಲಲ್ಲಿ ಕಂಡವರ ಮನೆಯ ಕಾಂಪೌಂಡು ಹಾರಿದ್ದ, ಹಿತ್ತಲಿಗೆ ನುಗ್ಗಿದ್ದ, ಬಾಗಿಲ ಮುಂದೆ ಮಂಡಿಯೂರಿ ಬೀಗದೊಳಗೆ ಉಕ್ಕಿನ ಕಡ್ಡಿ ಆಡಿಸಿದ್ದ. ಒಬ್ಬರೇ ಒಬ್ಬರು, “ಯಾರಯ್ಯಾ ನೀನು?” ಎಂದು ಕೇಳಿರಲಿಲ್ಲ. ಬದಲಿಗೆ ಪಕ್ಕದ ಮನೆಯವರು ಕುಡಿಯಲು ನೀರು ತಂದುಕೊಟ್ಟಿದ್ದರು, ಬಿಸಿಲಾದರೆ ಛತ್ರಿ ಹಿಡಿದಿದ್ದರು.

“ಅದು ಮುಖದ ಗುಣ ಕಣೆ,” ಎಂದು ಅವನು ಹೆಂಡತಿಗೆ ಹೇಳುತ್ತಿದ್ದ. “ನನ್ನ ಮುಖ ನೋಡಿದ್ರೆ ಯಾರಿಗಾದ್ರೂ ನಂಬಿಕೆ ಬರುತ್ತೆ.”

ಆ ಮುಖಕ್ಕೆ ಒಂದು ಬಣ್ಣವೂ ಇದೆ, ಊರಿನ ಹೆಚ್ಚುಕಡಿಮೆ ಎಲ್ಲ ಮುಖಗಳದ್ದೂ ಅದೇ ಬಿಳಿ ಬಣ್ಣ ಎಂಬುದು ಅವನಿಗೆ ಹೊಳೆದಿರಲಿಲ್ಲ. ಹೊಳೆಯಲು ಕಾರಣವೂ ಇರಲಿಲ್ಲ. ಕಾಲಿಗೆ ಸರಿಯಾಗಿ ಹೊಂದುವ ಚಪ್ಪಲಿಯ ನೆನಪು ಯಾರಿಗಿರುತ್ತದೆ?

ನೆನಪಿದ್ದದ್ದು ಅವನ ಹೆಂಡತಿಗೆ. ಅವಳು ಸಿಟಿ ಬಸ್ಸು ಓಡಿಸುತ್ತಿದ್ದಳು. ಎಲ್ಲರೂ ಡ್ರೈವರಮ್ಮ ಎನ್ನುತ್ತಿದ್ದರು. ಅವಳ ಮುತ್ತಜ್ಜ ಬಂದರು ಕಟ್ಟುವ ಕೂಲಿಗೆಂದು ಸಮುದ್ರ ದಾಟಿ ಬಂದವನು. ಅಜ್ಜ ಇಲ್ಲೇ ಹುಟ್ಟಿದ, ಅಪ್ಪ ಇಲ್ಲೇ ಹುಟ್ಟಿದ, ಅವಳೂ ಇಲ್ಲೇ ಹುಟ್ಟಿದಳು. ಆದರೂ ಆ ಕಪ್ಪು ಮೈಬಣ್ಣ ಕಂಡ ಕೂಡಲೇ ಬಸ್ಸು ಹತ್ತಿದವರು ಕೇಳುವರು: “ನೀವು ಎಲ್ಲಿಂದ ಬಂದೋರು?”

“ಡಿಪೋದಿಂದ,” ಎಂದು ಹೇಳಿ ಅವಳು ಗೇರು ಹಾಕುವಳು.

ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು. ಹದಿನೇಳರ ದೊಡ್ಡವಳು ಅಮ್ಮನನ್ನು ಅಚ್ಚೊತ್ತಿಟ್ಟಂತೆ; ಹತ್ತರ ಚಿಕ್ಕವಳು ಅಪ್ಪನ ಪಡಿಯಚ್ಚು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಒದ್ದಾಡಿ ಬೆಳೆದವರು. ಆದರೆ ಹೊಸ್ತಿಲು ದಾಟಿದೊಡನೆ ಇಬ್ಬರೂ ಬೇರೆ ಬೇರೆ ಊರಿಗೆ ಹೋಗುತ್ತಾರೆ ಎನ್ನುವುದು ಡ್ರೈವರಮ್ಮನ ಅಭಿಪ್ರಾಯ. ಹಾಗಾಗಿ ದೊಡ್ಡವಳು ಹೊರಡುವಾಗಲೆಲ್ಲ ಒಂದು ಸುತ್ತು ಪಾಠ ನಡೆಯುತ್ತಿತ್ತು.

“ಅಂಗಡೀಲಿ ಏನು ತಗೊಂಡ್ರೂ?”

“ರಸೀದಿ ಕೈಯಲ್ಲೇ ಹಿಡ್ಕೋಬೇಕು. ಜೇಬಿಗೆ ಹಾಕಬಾರದು.”

“ಯಾರಾದ್ರೂ ನಿಲ್ಲಿಸಿದ್ರೆ?”

“ಓಡಬಾರದು. ಕೈ ಎರಡೂ ಕಾಣೋ ಹಾಗಿರಬೇಕು. ಏನು ಮಾಡೋದಿದ್ರೂ ಮೊದಲು ಬಾಯಲ್ಲಿ ಹೇಳಿ ಆಮೇಲೆ ಮಾಡಬೇಕು. ಅಮ್ಮಾ, ಬರೀ ಬ್ರೆಡ್ಡು ತರೋಕೆ ಹೋಗ್ತಿರೋದು!”

“ಬ್ರೆಡ್ಡಿಗೆ ಚಿಕ್ಕವಳು ಹೋಗ್ಲಿ.”

ಹೀಗೆ ಬ್ರೆಡ್ಡಿಗೆ ಯಾವಾಗಲೂ ಚಿಕ್ಕವಳೇ ಹೋಗುತ್ತಿದ್ದಳು. ಬೀಗದಪ್ಪ ಇದನ್ನೆಲ್ಲ ಕೇಳುತ್ತ ಪೇಪರಿನ ಹಿಂದೆ ನಗುತ್ತಿದ್ದ. “ಇವಳು ಮಗಳನ್ನ ಅಂಗಡಿಗೆ ಕಳಿಸ್ತಾಳೋ ಯುದ್ಧಕ್ಕೆ ಕಳಿಸ್ತಾಳೋ!” ಅವಳು ನಗುತ್ತಿರಲಿಲ್ಲ. ಮಗಳು ಹಿಂತಿರುಗುವವರೆಗೆ ಕಿಟಕಿ, ಗಡಿಯಾರ, ಬಾಗಿಲು, ಮತ್ತೆ ಕಿಟಕಿ ಎಂದು ಕಣ್ಣು ತಿರುಗಿಸುತ್ತಲೇ ಇರುವಳು. ಬಸ್ಸಿನ ಕನ್ನಡಿಗಳನ್ನು ನೋಡುವ ಚಟ ಮನೆಗೂ ಬಂದಿತ್ತು.

ಒಮ್ಮೆ ದೊಡ್ಡ ಅಂಗಡಿಯೊಂದರಲ್ಲಿ ಚಿಕ್ಕವಳು ಚಾಕೊಲೇಟೊಂದನ್ನು ಫ್ರಾಕಿನ ಜೇಬಿಗೆ ಇಳಿಸಿಬಿಟ್ಟಳು. ಬಾಗಿಲ ಕಾವಲಿನವನು ಹಿಡಿದದ್ದು ದೊಡ್ಡವಳನ್ನು. ಅವಳ ಚೀಲ ತಲೆಕೆಳಗು ಮಾಡಿ, ಪುಸ್ತಕ, ಬಾಚಣಿಗೆ, ಒಳಗಿನದೆಲ್ಲ ನೆಲಕ್ಕೆ ಸುರಿದು, ಏನೂ ಸಿಗದೆ, “ಈ ಸಲ ಹೋಗು” ಎಂದ. ಪಕ್ಕದಲ್ಲೇ ನಿಂತ ಚಿಕ್ಕವಳು ಅಷ್ಟು ಹೊತ್ತೂ ಚಾಕೊಲೇಟು ಜಗಿಯುತ್ತಿದ್ದಳು. ಕಾವಲಿನವನು ಅವಳ ತಲೆ ನೇವರಿಸಿದನಂತೆ. ಡ್ರೈವರಮ್ಮ ಅದನ್ನು ಕೇಳಿ ಅನ್ನ ಬಿಟ್ಟು ಎದ್ದಳು. ಬೀಗದಪ್ಪ ಮಾತ್ರ ಅದನ್ನೊಂದು ತಮಾಷೆ ಮಾಡಿ, ತನ್ನ ಅಂಗಡಿಗೆ ಬಂದವರಿಗೆಲ್ಲ ಕಾವಲಿನವನ ಪೆದ್ದುತನ ಹೇಳಿ ನಗಿಸಿದ. ದೊಡ್ಡವಳು ಒಳಗೆ ಕೂತು ಕೀ ಉಜ್ಜುತ್ತಿದ್ದಳು. ಅವಳು ನಗಲಿಲ್ಲ ಎನ್ನುವುದನ್ನು ಅವನು ಗಮನಿಸಲಿಲ್ಲ.

ಕಸುಬು ದೊಡ್ಡವಳಿಗೇ ಹತ್ತಿತ್ತು. ಬೆರಳು ಅಷ್ಟು ಸೂಕ್ಷ್ಮ. ಬೀಗದಪ್ಪನ ಲೆಕ್ಕದಲ್ಲಿ, ಅವಳು ಬೀಗದ ಮೇಲೆ ಕೈಯಿಟ್ಟರೆ ಅದು ತನ್ನ ಹುಟ್ಟಿದ ಕಾರ್ಖಾನೆಯ ವಿಳಾಸವನ್ನೂ ಹೇಳಿಬಿಡುತ್ತಿತ್ತು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂರಿಸಿಕೊಂಡು ಅವನು ಎಲ್ಲವನ್ನೂ ಹೇಳಿಕೊಟ್ಟ. ಕಡೆಗೆ ತನ್ನ ಗುಟ್ಟನ್ನೂ ಹೇಳಿಕೊಟ್ಟ.

“ನೋಡು ಮಗಳೇ, ಮುಂಬಾಗಿಲು ಮುಟ್ಟಬೇಡ. ಅದು ಮನೆಯ ಮುಖ, ಗೀರು ಬಿದ್ರೆ ಜನ್ಮವಿಡೀ ಬೈತಾರೆ. ಸೀದಾ ಹಿತ್ತಲಿಗೆ ಹೋಗು. ಹಿಂಬಾಗಿಲ ಬೀಗ ಹಳೇದಿರುತ್ತೆ. ಅಕ್ಕಪಕ್ಕದವರ ಜೊತೆ ಮಾತಿಗೆ ನಿಲ್ಲಬೇಡ. ಒಬ್ಬ ಎಣ್ಣೆ ಹಾಕು ಅಂತಾನೆ, ಇನ್ನೊಬ್ಬ ಒದಿ ಅಂತಾನೆ. ಮುಖ್ಯವಾದದ್ದು, ಮನೆಯವರನ್ನ ದೂರ ಕಳಿಸು. ‘ನೀವು ಹೋಗಿ ಕಾಫಿ ಕುಡ್ಕೊಂಡು ಬನ್ನಿ’ ಅನ್ನು. ಅವರು ಬರೋ ಹೊತ್ತಿಗೆ ಬಾಗಿಲು ತೆಗೆದಿರಬೇಕು, ನೀನು ಮೆಟ್ಟಿಲ ಮೇಲೆ ಕೂತು ಆಕಳಿಸ್ತಿರಬೇಕು.”

ಆಕಳಿಸುವುದನ್ನೂ ಅಭ್ಯಾಸ ಮಾಡಿಸಿದ್ದ.

ಡ್ರೈವರಮ್ಮನಿಗೆ ಇದು ತಿಳಿದಾಗ ಮನೆಯಲ್ಲಿ ದೊಡ್ಡ ರಂಪವಾಯಿತು. “ರೀ, ಇವಳು ಹಿತ್ತಲಿಗೆ ನುಗ್ಗೋದಾ? ಮನೆಯವರಿಲ್ಲದೆ? ಇವಳು ಮುಂಬಾಗಿಲಲ್ಲಿ ನಿಲ್ಲಬೇಕು, ಮನೆಯವರನ್ನ ಪಕ್ಕದಲ್ಲಿ ನಿಲ್ಲಿಸ್ಕೋಬೇಕು, ಅಕ್ಕಪಕ್ಕದವರಿಗೆಲ್ಲ ನಾನು ಇಂಥವಳು ಅಂತ ಹೇಳಿ ಆಮೇಲೆ ಬೀಗ ಮುಟ್ಟಬೇಕು.”

“ಅದು ಕಸುಬಲ್ಲ ಕಣೆ, ಮೆರವಣಿಗೆ! ಬ್ಯಾಂಡ್‌ಸೆಟ್ಟೂ ಕರೆಸೋಣವಾ?”

“ಕರೆಸಿ. ಕಾಸು ನಾನು ಕೊಡ್ತೀನಿ.”

ಮಾತು ಅಲ್ಲಿಗೆ ನಿಂತಿತು. ನಿಂತದ್ದು ಬೀಗದಪ್ಪನ ಗೆಲುವೆಂದು ಬೀಗದಪ್ಪ ತಿಳಿದ.

ಅದಾದ ಕೆಲವು ವಾರಕ್ಕೆ ಅವನ ಸೊಂಟ ಹಿಡಿಯಿತು. ಹಿಡಿಯಿತು ಎಂದರೆ ಅಂಥಿಂಥ ಹಿಡಿತವಲ್ಲ; ಅವನೇ ಹೇಳಿದಂತೆ, ಯಾರೋ ಬೆನ್ನುಮೂಳೆಗೆ ಅಗುಳಿ ಜಡಿದು ಕೀ ಬಾವಿಗೆ ಎಸೆದಿದ್ದರು. ಅಂಗಡಿಯ ಬೆಂಚಿನ ಮೇಲೆ ಅಂಗಾತ ಮಲಗಿ ಸೂರಿಗೆ ಬೈಯುತ್ತಿದ್ದಾಗ, ನಿವೃತ್ತ ಟೀಚರಮ್ಮ ಬಂದರು. ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದರು.

“ನನ್ನ ದೊಡ್ಡವಳು ಬರ್ತಾಳೆ, ಟೀಚರಮ್ಮ. ನೀವು ಚಿಟಿಕೆ ಹೊಡೆಯೋದ್ರೊಳಗೆ ಆಗುತ್ತೆ.”

ದೊಡ್ಡವಳ ಕಣ್ಣು ಹೊಳೆಯಿತು. ಒಬ್ಬಳೇ ಹೋಗುವ ಮೊದಲ ಕೆಲಸ. ಅಪ್ಪನ ಸಾಮಾನಿನ ಕೆಂಪು ಚೀಲವನ್ನು ಹೆಗಲಿಗೇರಿಸಿಕೊಂಡಳು. ಬಾಗಿಲು ದಾಟುವಾಗ ಒಮ್ಮೆ ತಿರುಗಿ, ಕೈ ಬಾಯಿಗೆ ಅಡ್ಡ ಹಿಡಿದು, ಅಪ್ಪ ಕಲಿಸಿದ ಆಕಳಿಕೆ ಆಕಳಿಸಿ ತೋರಿಸಿದಳು. ಬೀಗದಪ್ಪ ನಕ್ಕ, ಸೊಂಟ ಚುಚ್ಚಿತು, “ಅಯ್ಯೋ” ಎಂದ.

ಸ್ವಲ್ಪ ಹೊತ್ತಿನ ಮೇಲೆ ಫೋನು ಬಂತು. ಟೀಚರಮ್ಮನ ಮನೆಯ ಹಿಂದಿನ ಬೀದಿಯ ಬೇಕರಿಯವನು. ಬೇಕರಿಯ ಕಟ್ಟೆಯಲ್ಲಿ ಹರಟುವ ಹಳೆಯ ಸ್ನೇಹಿತ; ಬೀಗದಪ್ಪನ ಮನೆಗಾಗಲಿ ಅಂಗಡಿಗಾಗಲಿ ಎಂದೂ ಕಾಲಿಟ್ಟವನಲ್ಲ.

“ಬೀಗದಪ್ಪಾ, ಸಂತೋಷದ ಸುದ್ದಿ ಕಣಯ್ಯ!”

“ಏನು, ನಿನ್ನ ಬ್ರೆಡ್ಡು ಕೊನೆಗೂ ಮೆತ್ತಗಾಯ್ತಾ?”

“ತಮಾಷೆ ಬಿಡು. ನಿನ್ನ ಕೆಂಪು ಚೀಲ ಕಳ್ಳತನ ಆಗಿದೆ.”

“ಇಲ್ವಲ್ಲ.”

“ಆಗಿದೆ ಕಣಯ್ಯ, ನಿನಗೆ ಗೊತ್ತಾಗಿಲ್ಲ ಅಷ್ಟೆ. ಕಳ್ಳಿ ಸಿಕ್ಕಿದಾಳೆ. ಟೀಚರಮ್ಮನ ಹಿತ್ತಲ ಬಾಗಿಲು ಮುರೀತಿದ್ದಳು. ಆ ಕರಿ ಜನ ಗೊತ್ತಲ್ಲ, ಅವರಲ್ಲಿ ಒಬ್ಬಳು. ಚೀಲ ನೋಡಿದ ಕೂಡಲೇ ನಿಂದು ಅಂತ ಗುರುತು ಹಿಡಿದೆ. ಸುತ್ತುಗಟ್ಟಿ ಕೂರಿಸಿದೀವಿ, ಪೊಲೀಸಿಗೆ ಹೇಳಿದೀವಿ. ನೀನೇನೂ ಹೆದರಬೇಡ. ಮಜಾ ಕೇಳು, ಬೀಗದಪ್ಪನ ಮಗಳು ಅಂತ ಬೇರೆ ಹೇಳ್ತಾಳೆ!”

ಬೀಗದಪ್ಪನಿಗೆ ಮೊದಲು ಏನೂ ಕೇಳಿಸದಂತಾಯಿತು. ಆಮೇಲೆ ಎಲ್ಲ ಒಟ್ಟಿಗೆ ಕೇಳಿಸಿತು.

“ಲೋ, ಅವಳು ನನ್ನ ಮಗಳೇ ಕಣೋ.”

ಆ ಕಡೆಯಿಂದ ನಗು. “ನಿನ್ನ ಮಗಳನ್ನ ನಾನು ನೋಡಿಲ್ವೇನಯ್ಯ? ದಿನಾ ಬ್ರೆಡ್ಡಿಗೆ ಬರ್ತಾಳೆ, ಹಾಲಿನಂಥ ಹುಡುಗಿ. ನೀನು ಸಾಯೋವಾಗ್ಲೂ ತಮಾಷೆ ಮಾಡ್ತೀಯ ಕಣಯ್ಯ. ಇಡ್ತೀನಿ, ಇಲ್ಲಿ ಒಬ್ಬ ಕೋಲು ತರ್ತಿದಾನೆ.”

ಫೋನು ಕಡಿಯಿತು.

ಬೆಂಚಿನಿಂದ ಅವನು ಹೇಗೆ ಎದ್ದನೋ ಅವನಿಗೇ ಗೊತ್ತಿಲ್ಲ. ಬೀದಿಗೆ ಬಂದಾಗ ಕೈಯಲ್ಲೊಂದು ಕೀ ತಿಕ್ಕುವ ಉದ್ದನೆಯ ಅರ ಇತ್ತು. ಮೇಜಿನ ಅಂಚು ಹಿಡಿದು ಏಳುವಾಗ ಮುಷ್ಟಿಗೆ ಬಂದದ್ದು ಹಾಗೇ ಉಳಿದಿತ್ತು. ಮಗಳಿಗೆ ಫೋನು ಮಾಡಿದ. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಸೊಂಟದಿಂದ ಕಾಲಿಗೆ ಬೆಂಕಿ ಇಳಿಯುತ್ತಿತ್ತು. ಅವನು ಓಡಿದ. ಅಡ್ಡದಾರಿಯೆಂದು ಯಾರದೋ ಗೇಟು ತಳ್ಳಿ ಒಳಹೊಕ್ಕು, ಒಣಹಾಕಿದ ಬಟ್ಟೆಯ ಸಾಲು ಸೀಳಿಕೊಂಡು, ಮೋಟುಗೋಡೆ ಹತ್ತಿ ಆಚೆ ಬಿದ್ದ. ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಬೆಚ್ಚಲಿಲ್ಲ. “ನಿಧಾನ, ಅಲ್ಲಿ ಕಲ್ಲಿದೆ!” ಎಂದು ಕೂಗಿ ಎಚ್ಚರಿಸಿದಳು.

ಅರ ಹಿಡಿದು ಓಡುವ ಗಂಡಸಿಗೆ ಊರು ದಾರಿ ಬಿಟ್ಟಿತು. ಜೀವಮಾನದಲ್ಲಿ ಮೊದಲ ಬಾರಿಗೆ ಆ ದಾರಿ ಅವನ ಕಣ್ಣಿಗೆ ಬಿತ್ತು. ಇದೇ ಅರ, ಇದೇ ಗೋಡೆ, ಇದೇ ಓಟ ದೊಡ್ಡವಳದಾಗಿದ್ದರೆ? ಮುಂಬಾಗಿಲು ಮುಟ್ಟಬೇಡ. ಯಾರ ಜೊತೆಗೂ ಮಾತಾಡಬೇಡ. ಮನೆಯವರನ್ನು ದೂರ ಕಳಿಸು. ಅವಳನ್ನು ಕಳ್ಳಿಯಂತೆ ಕಾಣಿಸುವುದಕ್ಕೆ ಬೇಕಾದ್ದನ್ನೆಲ್ಲ, ಒಂದನ್ನೂ ಬಿಡದೆ, ಅವನೇ ಮುದ್ದಿನಿಂದ ಕೂರಿಸಿಕೊಂಡು ಕಲಿಸಿದ್ದ.

ತಿರುವಿನಲ್ಲಿ ಪೊಲೀಸ್ ಪೇದೆಯೊಬ್ಬ ಬೈಕು ನಿಲ್ಲಿಸಿದ. ಠಾಣೆಯ ಬೀರು ಹಟ ಹಿಡಿದಾಗಲೆಲ್ಲ ಬೀಗದಪ್ಪನನ್ನು ಕರೆಯುತ್ತಿದ್ದವನು.

“ಏನ್ ಬೀಗದಪ್ಪೋರೆ, ಇಷ್ಟು ಅವಸರ? ಟೀಚರಮ್ಮನ ಮನೆಗೆ ತಾನೆ? ನಾನೂ ಅಲ್ಲಿಗೇ, ಹತ್ತಿ.”

ಹತ್ತಿದ. ಕೈಯಲ್ಲಿನ ಅರವನ್ನು ಪೇದೆ ನೋಡಿದ; ಏನೂ ಅನ್ನಲಿಲ್ಲ. ಪೇದೆಯ ಸೊಂಟದ ಪಿಸ್ತೂಲು ರಸ್ತೆಯ ಪ್ರತಿ ಗುಂಡಿಗೂ ಬೀಗದಪ್ಪನ ಮೊಣಕಾಲಿಗೆ ತಾಗುತ್ತಿತ್ತು.

“ಸಾರ್, ಅಲ್ಲಿರೋಳು ನನ್ನ ಮಗಳು.”

“ಹ್ಹ ಹ್ಹ! ಹೋದ ವಾರ ನಮ್ಮ ಸಾಹೇಬರ ಕುರ್ಚಿಗೆ ಬೀಗ ಇದೆ ಅಂದಿರಿ. ನಿಮ್ಮ ಮಾತು ಕೇಳ್ತಾ ಕೂತ್ರೆ ಆಯ್ತು.”

“ದೇವರಾಣೆಗೂ ನನ್ನ ಮಗಳು ಸಾರ್.”

“ಬೀಗದಪ್ಪೋರೆ, ಡ್ಯೂಟಿ ಮೇಲಿದೀನಿ. ನಗಿಸಬೇಡಿ.”

ಇಡೀ ಊರನ್ನು ಸುಳ್ಳು ಹೇಳಿ ನಗಿಸಿದವನು ಒಂದು ನಿಜ ಹೇಳಿದರೆ ಅದಕ್ಕೂ ನಕ್ಕರು. ಬೀಗದಪ್ಪ ಮತ್ತೆ ಮಗಳ ನಂಬರು ಒತ್ತಿದ. ಬೈಕು ಟೀಚರಮ್ಮನ ಮನೆಯ ಹಿಂದೆ ನಿಂತಾಗ ಹಿತ್ತಲೊಳಗಿಂದ ಆ ಗಂಟೆ ಕೇಳಿಸಿತು.

ದೊಡ್ಡವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬೆನ್ನು ನೆಟ್ಟಗೆ. ಎಡಗೈ ಮೊಣಕಾಲಿನ ಮೇಲೆ ಅಂಗೈ ಮೇಲಾಗಿ ಬಿಚ್ಚಿತ್ತು, ಬಲಗೈ ಮುಷ್ಟಿ. ಸುತ್ತ ಏಳೆಂಟು ಜನ. ಹಿಟ್ಟು ಮೆತ್ತಿದ ಏಪ್ರನ್ನಿನಲ್ಲಿ ಬೇಕರಿಯವನು, ಕೋಲು ಹಿಡಿದ ಒಬ್ಬ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ನೋಡಲು ಬಂದ ಒಬ್ಬಳು. ಕೆಂಪು ಚೀಲ ದೊಡ್ಡವಳ ಕಾಲ ಬಳಿ ಬಾಯಿ ತೆರೆದುಕೊಂಡಿತ್ತು, ಅದರೊಳಗೆ ಫೋನು ಕೂಗುತ್ತಲೇ ಇತ್ತು.

“ನೋಡಿ ಸಾರ್, ಅವಳ ಗುಂಪಿನವರು ಬಿಡದೆ ಫೋನ್ ಮಾಡ್ತಿದಾರೆ,” ಎಂದ ಕೋಲಿನವನು.

ಆ ‘ಗುಂಪಿನವನು’, ಎಂದರೆ ಬೀಗದಪ್ಪ, ಬೈಕಿನಿಂದ ಇಳಿಯಲಾರದೆ ಒದ್ದಾಡುತ್ತಿದ್ದ. ಸೊಂಟ ಸೀಟಿಗೆ ಅಂಟಿತ್ತು. ಅವನ ಫೋನು ಕೆಳಗೆ ಬಿದ್ದು ಕಡಿಯಿತು, ಚೀಲದೊಳಗಿನ ಗಂಟೆ ನಿಂತಿತು.

“ಬಲಗೈಲಿ ಏನಿದೆ? ತೆಗಿ!” ಪೇದೆಯ ಕೈ ಸೊಂಟಕ್ಕೆ ಹೋಯಿತು.

ಬೀಗದಪ್ಪ ಕೂಗಲು ಬಾಯಿ ತೆರೆದ. ಸದ್ದು ಬರಲಿಲ್ಲ. ಊರಿನ ಬೀಗಗಳನ್ನೆಲ್ಲ ತೆಗೆದವನ ಗಂಟಲಿಗೆ ಬೀಗ ಬಿದ್ದಿತ್ತು.

ಆಗ ದೊಡ್ಡವಳು ಮಾತಾಡಿದಳು. ಒಂದೇ ಸಮನಾದ, ಸ್ಪಷ್ಟವಾದ, ಏರಿಳಿತವಿಲ್ಲದ ದನಿ. ಅದು ಯಾರ ದನಿ ಎಂದು ಬೀಗದಪ್ಪನಿಗೆ ಕೂಡಲೇ ತಿಳಿಯಿತು. ಮುಂದಿನ ನಿಲ್ದಾಣದ ಹೆಸರು ಹೇಳುವ, ಬಾಗಿಲು ಮುಚ್ಚುತ್ತದೆ ಎಂದು ಎಚ್ಚರಿಸುವ ದನಿ.

“ಸಾರ್, ನನ್ನ ಬಲಗೈಯಲ್ಲಿ ಒಂದು ಸಣ್ಣ ಉಕ್ಕಿನ ಕಡ್ಡಿ ಇದೆ. ಈಗ ಮುಷ್ಟಿ ಬಿಚ್ತೀನಿ. ನಿಧಾನವಾಗಿ ಬಿಚ್ತೀನಿ. ಆಮೇಲೆ ಕಡ್ಡೀನ ಮೆಟ್ಟಿಲ ಮೇಲೆ ಇಡ್ತೀನಿ. ಆಮೇಲೆ ಕೈ ಮೇಲೆತ್ತುತ್ತೀನಿ.”

ಹೇಳಿದಂತೆಯೇ ಒಂದೊಂದಾಗಿ ಮಾಡಿದಳು. ಕಡ್ಡಿ ಕಲ್ಲಿನ ಮೇಲೆ ಟಿಣ್ ಎಂದಿತು. ಆ ಸದ್ದಿಗೆ ಬೀಗದಪ್ಪನ ಗಂಟಲು ಬಿಟ್ಟಿತು.

“ನನ್ನ ಮಗಳು! ನನ್ನ ಮಗಳು! ನನ್ನ ಮಗಳು!”

ಅರ ಬೀಸುತ್ತ, ಕುಂಟುತ್ತ, ಕಿರುಚುತ್ತ ಬಂದವನನ್ನು ನೋಡಿ ಯಾರೂ ಹಿಂದೆ ಸರಿಯಲಿಲ್ಲ. ಅವನ ಮುಖದ ಮೇಲೆ ಇಳಿಯುತ್ತಿದ್ದ ಕಣ್ಣೀರು ನೋಡಿ ಪೇದೆಗೆ ಇದು ತಮಾಷೆಯಲ್ಲವೆಂದು ಅರಿವಾಯಿತು. ಕೈ ಸೊಂಟದಿಂದ ಕೆಳಗಿಳಿಯಿತು.

“ನಿಮ್ಮ ಮಗಳೇನಾ? ಸ್ವಂತ?”

“ಸ್ವಂತ.”

ಅಷ್ಟೇ ಸಾಕಾಯಿತು. ಗುರುತಿನ ಚೀಟಿ ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ. ಎಲ್ಲರೂ ನಕ್ಕರು, ಒಬ್ಬ ಬೀಗದಪ್ಪನ ಬೆನ್ನು ತಟ್ಟಿದ. ಕೋಲಿನವನು ಕೋಲನ್ನು ಮರೆಗೆ ಒರಗಿಸಿದ.

“ಮೊದಲೇ ಹೇಳಬಾರದಿತ್ತಾ ಮಗೂ?” ಎಂದ ಬೇಕರಿಯವನು.

“ಹೇಳಿದೆ,” ಎಂದಳು ದೊಡ್ಡವಳು. ಕೈ ಇನ್ನೂ ಮೇಲೆಯೇ ಇತ್ತು. “ಬಂದವರಿಗೆಲ್ಲ ಹೇಳಿದೆ. ಅಪ್ಪ, ಕೈ ಕೆಳಗಿಳಿಸ್ತೀನಿ.”

ಅಪ್ಪನಿಗೂ ಹೇಳಿಯೇ ಇಳಿಸಿದಳು.

ಅಷ್ಟರಲ್ಲಿ ಕಾಫಿ ಕುಡಿದು ಬಂದ ಟೀಚರಮ್ಮ ಗುಂಪು ನೋಡಿ ಗಾಬರಿಯಾದರು. ವಿಷಯ ತಿಳಿದು ಎಲ್ಲರಿಗೂ ತರಗತಿಯಲ್ಲಿ ಬೈಯುವ ಹಾಗೆ ಬೈದರು. ಗುಂಪು ಕರಗಿತು. ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ದೊಡ್ಡವಳು ಕಡ್ಡಿ ಎತ್ತಿಕೊಂಡಳು, ಬೆರಳು ನಿಲ್ಲಲಿಲ್ಲ. “ಕೊಡು” ಎಂದು ಬೀಗದಪ್ಪ ಮಂಡಿಯೂರಿದ. ಹಳೆಯ, ತುಕ್ಕು ಹಿಡಿದ, ಅವನು ಕೆಮ್ಮಿದರೆ ತೆರೆಯಬೇಕಾದ ಬೀಗ. ಕಡ್ಡಿ ತೂತಿನೊಳಗೇ ಹೋಗಲಿಲ್ಲ. ಕೆಮ್ಮಿಯೂ ನೋಡಿದ.

ಟೀಚರಮ್ಮ ಆ ದಿನ ತಂಗಿಯ ಮನೆಗೆ ಹೋದರು.

ಹೆಂಡತಿಗೆ ಹೇಗೆ ಹೇಳುವುದು ಎಂದು ಬೀಗದಪ್ಪ ದಾರಿಯುದ್ದಕ್ಕೂ ಮಾತು ಜೋಡಿಸಿದ. ಅವಳು ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹಿಂದುಮುಂದಾಗಿ ಕಕ್ಕಿಬಿಟ್ಟ. ಅವಳು ಬೈಯುತ್ತಾಳೆಂದು ಕಾದ. ಅವಳು ದೊಡ್ಡವಳ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು, ಮುಂದೆ ಏನೂ ಇಲ್ಲದಿದ್ದರೂ ಸ್ಟೇರಿಂಗ್ ಹಿಡಿದವಳಂತೆ ಕೈ ಚಾಚಿ ಮೇಜಿನ ಅಂಚು ಹಿಡಿದಳು.

“ನನ್ನ ಜೀವ ಬಾಯಿಗೆ ಬಂದಿತ್ತು ಕಣೆ,” ಎಂದ ಬೀಗದಪ್ಪ. “ಇಂಥ ಹೆದರಿಕೆ ನಾನು ಕಂಡೇ ಇಲ್ಲ.”

“ನೀವು ಇವತ್ತು ಕಂಡಿರಿ. ನಾನು ಇವಳು ಹುಟ್ಟಿದ ದಿನದಿಂದ ಈ ಹೆದರಿಕೇನ ಪಕ್ಕದ ಸೀಟಲ್ಲಿ ಕೂರಿಸ್ಕೊಂಡೇ ಬಸ್ ಓಡಿಸ್ತಿದೀನಿ.”

“ನಾನು ಕಸುಬು ಕಲಿಸಿದೆ ಅಷ್ಟೆ...”

“ನಿಮ್ಮ ಕಸುಬಿನ ಅರ್ಧ ಕೈಯಲ್ಲಿದೆ ರೀ, ಇನ್ನರ್ಧ ನಿಮ್ಮ ಚರ್ಮದಲ್ಲಿದೆ. ಕೈಯಲ್ಲಿರೋದು ಇವಳಿಗೆ ಬಂತು. ಇನ್ನರ್ಧ ಎಲ್ಲಿಂದ ತರ್ತಾಳೆ?”

ಬೀಗದಪ್ಪನಿಗೆ ತಾನು ಚಾಕೊಲೇಟಿನ ಕತೆ ಹೇಳಿ ನಕ್ಕಿದ್ದು, ಆಗ ಒಳಗಿಂದ ಕೀ ಉಜ್ಜುವ ಸದ್ದು ಮಾತ್ರ ಬರುತ್ತಿದ್ದದ್ದು ನೆನಪಾಯಿತು.

ಬಾಗಿಲ ಸಂದಿಯಿಂದ ಚಿಕ್ಕವಳು ಕೇಳಿದಳು: “ಅಮ್ಮಾ, ನಾನು ಹೋಗಿದ್ದಿದ್ರೆ?”

ದೊಡ್ಡವಳೇ ಉತ್ತರ ಕೊಟ್ಟಳು. “ಬೇಕರಿಯವನು ನಿಂಗೆ ಬನ್ ಕೊಡ್ತಿದ್ದ.”

ಚಿಕ್ಕವಳ ಮುಖ ಸಣ್ಣಗಾಯಿತು. ಡ್ರೈವರಮ್ಮ ಅವಳನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡಳು. ಇಷ್ಟು ದಿನ ಒಬ್ಬಳಿಗೇ ಇದ್ದ ಪಾಠ ಇನ್ನೊಬ್ಬಳಿಗೂ ಶುರುವಾಯಿತು.

“ಅಕ್ಕನ್ನ ಯಾರಾದ್ರೂ ನಿಲ್ಲಿಸಿದ್ರೆ ನೀನೇನು ಮಾಡ್ಬೇಕು?”

“ಅಳೋದಾ?”

“ಅಳಬೇಡ. ಅಲ್ಲಿಂದ ಹೋಗಬೇಡ. ಅವಳ ಪಕ್ಕ ಅಂಟ್ಕೊಂಡು ನಿಲ್ಲು. ‘ಇವಳು ನನ್ನ ಅಕ್ಕ’ ಅಂತ ಜೋರಾಗಿ ಹೇಳು. ಜೇಬಲ್ಲಿ ಚಾಕೊಲೇಟ್ ಇದ್ರೆ ತೆಗೆದು ಮೇಜಿನ ಮೇಲಿಡು.”

“ಅವಳಿಗಿಂತ ಮೊದಲು ಇವರಪ್ಪನಿಗೆ ಕಲಿಸು,” ಎಂದ ಬೀಗದಪ್ಪ. ಯಾರೂ ನಗಲಿಲ್ಲ. ಅವನೂ ನಗಿಸಲೆಂದು ಹೇಳಿರಲಿಲ್ಲ.

ಮಾರನೆಯ ಬೆಳಗ್ಗೆ ದೊಡ್ಡವಳು ಕೆಂಪು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಟೀಚರಮ್ಮನ ಬಾಗಿಲು ಬಾಕಿಯಿತ್ತು. ಬೀಗದಪ್ಪ ಬಾಗಿಲಿಗೆ ಅಡ್ಡ ನಿಂತ.

“ಬೇಡ. ಈ ಕಸುಬೇ ಬೇಡ. ಅಂಗಡೀಲಿ ಕೂತು ಕೀ ಕೊರಿ, ಸಾಕು.”

“ಅಪ್ಪಾ, ಕೆಲಸ ಒಪ್ಕೊಂಡಿರೋದು ನಾನು.”

ಅವನು ಹೆಂಡತಿಯ ಕಡೆ ತಿರುಗಿದ. ಇಷ್ಟು ವರ್ಷ ಹೆದರಿದವಳು ಇವತ್ತು ತನ್ನ ಪಕ್ಷ ಸೇರುತ್ತಾಳೆಂದು ಎಣಿಸಿದ್ದ. ಅವಳು ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

“ಹೋಗ್ಲಿ ಬಿಡಿ. ಮನೇಲಿ ಕೂರಿಸೋಕೆ ಅಂತ ನಾನು ಇವಳಿಗೆ ಇಷ್ಟೆಲ್ಲ ಪಾಠ ಹೇಳಿಲ್ಲ. ನಾನೂ ಗೇರ್ ಹಾಕಿ ದಿನಾ ಹೊರಡಲ್ವಾ?” ಆಮೇಲೆ ಮಗಳಿಗೆ: “ಯಾವ ಬಾಗಿಲು?”

“ಮುಂಬಾಗಿಲು. ಟೀಚರಮ್ಮ ಪಕ್ಕದಲ್ಲಿರಬೇಕು. ಅಕ್ಕಪಕ್ಕದವರಿಗೆಲ್ಲ ಮೊದಲು ಹೇಳಬೇಕು.”

“ನಾನೂ ಬರ್ತೀನಿ,” ಎಂದ ಬೀಗದಪ್ಪ.

“ನೀನು ಬೀಗ ಮುಟ್ಟಬಾರದು ಮತ್ತೆ,” ಎಂದಳು ದೊಡ್ಡವಳು.

“ಮುಟ್ಟಲ್ಲ.”

“ಸಲಹೆ ಕೊಡಬಾರದು.”

ಅದು ಕಷ್ಟವಾಗಿತ್ತು. ಆದರೂ ಒಪ್ಪಿದ.

ಮೆರವಣಿಗೆ ಹೊರಟಿತು, ಬ್ಯಾಂಡ್‌ಸೆಟ್ಟೊಂದೇ ಕಡಿಮೆ. ದೊಡ್ಡವಳು ಪಕ್ಕದ ಮನೆಯ ಕದ ತಟ್ಟಿ ತಾನು ಯಾರೆಂದು ಹೇಳಿದಳು, ಎದುರು ಮನೆಗೂ ಹೇಳಿದಳು. ಒಂದು ಮನೆಯ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು. ಟೀಚರಮ್ಮ ಕುರ್ಚಿ ತರಿಸಿ ಬಾಗಿಲ ಪಕ್ಕ ಕೂತರು. ದೊಡ್ಡವಳು ಬೀದಿಗೆಲ್ಲ ಕಾಣುವಂತೆ ಮಂಡಿಯೂರಿದಳು. ಬೀಗದಪ್ಪ ಅವಳ ಬೆನ್ನ ಹಿಂದೆ, ಮುಖ ಬೀದಿಗೆ ಮಾಡಿ ನಿಂತ. ಬರುವ ಹೋಗುವ ಒಂದೊಂದು ಬೈಕಿನ ಸದ್ದಿಗೂ ಅವನ ಕತ್ತು ತಿರುಗುತ್ತಿತ್ತು. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಹಿಂದೆ ನೋಡಿದ, ಮತ್ತೆ ಬಲಕ್ಕೆ. ಇದು ಯಾರ ಚಟ ಎಂದು ಅವನಿಗೆ ಆಮೇಲೆ ಹೊಳೆಯಿತು.

ಬೇಕರಿಯವನು ಬಿಸಿ ಬನ್ನಿನ ಪೊಟ್ಟಣ ಹಿಡಿದು ಬಂದ. ದೊಡ್ಡವಳು ತಲೆ ಎತ್ತಲಿಲ್ಲ. ಅವನು ಪೊಟ್ಟಣವನ್ನು ಗೋಡೆಯ ಮೇಲಿಟ್ಟು, ಹಗುರಾಗಲು ಸ್ನೇಹಿತನ ಕಡೆ ತಿರುಗಿದ.

“ಏನಯ್ಯಾ ಬೀಗದಪ್ಪ, ನಿನ್ನೆದುರು ತೆರೆಯದ ಬಾಗಿಲು ಇನ್ನೂ ಹುಟ್ಟಿಲ್ಲ ಅಂತಿದ್ದೆ. ಇವತ್ತು ನೋಡಿದ್ರೆ ಮಗಳ ಹಿಂದೆ ಸುಮ್ನೆ ಕೈಕಟ್ಕೊಂಡು ನಿಂತಿದೀಯ. ನಿನಗೇನಯ್ಯಾ ಕೆಲಸ ಇಲ್ಲಿ?”

ಹಿಂದೆ ಬೀಗ ಕ್ಲಿಕ್ ಎಂದಿತು. ಬಾಗಿಲು ತೆರೆಯಿತು. ಬೀಗದಪ್ಪ ಬೀದಿಯಿಂದ ಕಣ್ಣು ತೆಗೆಯಲಿಲ್ಲ.

“ನಾನಾ? ನಾನು ರಸೀದಿ ಕಣಯ್ಯ. ನಿನ್ನಂಥವರು ಕೇಳ್ತಾರೆ ಅಂತ ಕೈಯಲ್ಲೇ ಹಿಡ್ಕೊಂಡು ಬಂದಿದಾಳೆ.”